ಲಾರಿ ಹಾರ್ನ್ ಕೇಳಿದರೆ ಕೈ ನಡುಗುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಕಾರಟಗಿ ಹತ್ತಿರದ ಹಳ್ಳಿ. ಗಂಗಾವತಿಯಲ್ಲಿ ಕೆಲಸ ಸಿಕ್ಕಿದೆ. ಬಸ್ಸು ನನ್ನ ಟೈಮಿಗೆ ಸರಿಯಾಗಿ ಬರಲ್ಲ, ಅದಕ್ಕೇ ಅಪ್ಪನ ಹಳೇ 100 ಸಿಸಿ ಬೈಕ್ ಕಲಿಯುತ್ತಿದ್ದೇನೆ. ಎಲ್‌ಎಲ್‌ಆರ್ ಆಗಿದೆ. ಊರೊಳಗೆ ಓಡಿಸುತ್ತೇನೆ, ಆದರೆ ಮೇನ್ ರೋಡಿನಲ್ಲಿ ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಸಾಕು, ಕೈ ನಡುಗಿ ಗಾಡಿ ಆಫ್ ಆಗುತ್ತದೆ. ಹಿಂದೆ ಕೂತ ಅಣ್ಣ ಬೈಯುತ್ತಾನೆ. ಇದು ನನ್ನಿಂದ ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ ತಂಗಿ. ಎಷ್ಟೋ ಜನರಿಗೆ ಗಾಡಿ ಕಲಿಸಿದ್ದೇನೆ, ಹೆದರದೆ ಮೇನ್ ರೋಡಿಗೆ ಬಂದವರು ಕಡಿಮೆ. ನಿಮ್ಮ ಗಾಬರಿಗೆ ಲಾರಿ ಅರ್ಧ ಕಾರಣ ಅಷ್ಟೇ. ಕ್ಲಚ್ ಎಷ್ಟು ಬಿಡಬೇಕು, ಯಾವ ಗೇರಿನಲ್ಲಿದ್ದೇನೆ ಅಂತ ನೀವಿನ್ನೂ ಯೋಚಿಸಿ ಯೋಚಿಸಿ ಓಡಿಸುತ್ತಿದ್ದೀರಿ, ಅಷ್ಟರಲ್ಲಿ ಹಾರ್ನ್ ಬಂತು ಅಂದರೆ ಎರಡನ್ನೂ ಒಟ್ಟಿಗೆ ನೋಡಿಕೊಳ್ಳೋಕೆ ಆಗಲ್ಲ. ಕ್ಲಚ್ಚು, ಗೇರು ಕೈಕಾಲಿಗೆ ರೂಢಿಯಾದರೆ ಲಾರಿ ಕಡೆ ಗಮನ ಕೊಡೋಕೆ ಪುರುಸೊತ್ತು ಸಿಗುತ್ತದೆ.

15 ದಿನ ಮೇನ್ ರೋಡ್ ಬಿಟ್ಟುಬಿಡಿ. ಬೆಳಿಗ್ಗೆ ಯಾರೂ ಇಲ್ಲದ ಮೈದಾನಕ್ಕೆ ಹೋಗಿ. ಒಂದನೇ ಗೇರ್ ಹಾಕಿ, ಎಕ್ಸಲೇಟರ್ ಮುಟ್ಟದೆ ಕ್ಲಚ್ ನಿಧಾನಕ್ಕೆ ಬಿಡಿ. ಒಂದು ಹಂತದಲ್ಲಿ ಇಂಜಿನ್ ಸದ್ದು ಸ್ವಲ್ಪ ಕುಗ್ಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಅಲ್ಲೇ ಬೆರಳು ನಿಲ್ಲಿಸಿ, ನಾಲ್ಕು ಹೆಜ್ಜೆಯಷ್ಟು ಹೋಗಿ, ಮತ್ತೆ ಕ್ಲಚ್ ಹಿಡಿದು ನಿಲ್ಲಿ. ಇದನ್ನೇ ದಿನಾ 50 ಸಲ ಮಾಡಿ, ಬೇಜಾರಾದರೂ ಬಿಡಬೇಡಿ. ಆಮೇಲೆ ಅರ್ಧ ಕ್ಲಚ್‌ನಲ್ಲಿ, ಹಿಂದಿನ ಬ್ರೇಕ್ ಮೇಲೆ ಕಾಲು ಹಗುರವಾಗಿಟ್ಟು 8 ಹಾಕಿ. ಲೈಸೆನ್ಸ್ ಟೆಸ್ಟಿಗೂ ಅದು ಬೇಕು. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ತಿರುಗಬೇಕಾದ ಕಡೆ ಇರಲಿ, ನೋಡಿದ ಕಡೆಗೇ ಗಾಡಿ ಹೋಗುತ್ತದೆ.

ಇನ್ನು ಬ್ರೇಕ್. ‘ಮುಂದಿನ ಬ್ರೇಕ್ ಮುಟ್ಟಬೇಡ, ಬೀಳ್ತೀಯ’ ಅಂತ ನಿಮ್ಮ ಅಣ್ಣನೂ ಹೇಳಿರುತ್ತಾರೆ ಅಲ್ವಾ? ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಬ್ರೇಕ್ ಹಿಡಿದಾಗ ಭಾರ ಮುಂದಿನ ಚಕ್ರದ ಮೇಲೆ ಬೀಳುತ್ತದೆ, ಗಾಡಿ ನಿಲ್ಲಿಸೋದರಲ್ಲಿ ಜಾಸ್ತಿ ಕೆಲಸ ಅದರದೇ. ಗಾಬರಿಯಲ್ಲಿ ಒಮ್ಮೆಲೇ ಹಿಂಡಿದರೆ, ಇಲ್ಲಾ ಹ್ಯಾಂಡಲ್ ತಿರುಗಿಸಿಕೊಂಡೇ ಹಿಡಿದರೆ ಬೀಳುತ್ತೀರಿ. ಗಾಡಿ ನೆಟ್ಟಗಿರಲಿ, ಎರಡೂ ಬ್ರೇಕ್ ಒಟ್ಟಿಗೆ ಹಿಡಿಯಿರಿ, ಮುಂದಿನದನ್ನು ನಿಂಬೆಹಣ್ಣು ಹಿಂಡಿದ ಹಾಗೆ ಬಿಗಿ ಮಾಡುತ್ತಾ ಹೋಗಿ. ಹರಳು, ಮರಳು ಇಲ್ಲದ ಗಟ್ಟಿ ನೆಲದಲ್ಲಿ ಒಂದು ಗುರುತು ಮಾಡಿಕೊಂಡು, 20ರ ವೇಗದಲ್ಲಿ ಬಂದು ಅಲ್ಲಿಂದ ಬ್ರೇಕ್ ಹಿಡಿಯಿರಿ. ಎಷ್ಟು ದೂರಕ್ಕೆ ನಿಂತಿರಿ ಅಂತ ಹೆಜ್ಜೆ ಹಾಕಿ ಅಳೆಯಿರಿ. ಕೈ ಕುದುರಿದ ಮೇಲೆ 30ಕ್ಕೆ, ಆಮೇಲೆ 40ಕ್ಕೆ ಏರಿಸಿ. ವೇಗ ಎರಡು ಪಟ್ಟಾದರೆ ನಿಲ್ಲೋಕೆ ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಅದು ನಿಮ್ಮ ಹೆಜ್ಜೆಯಲ್ಲೇ ಗೊತ್ತಾಗುತ್ತದೆ. 60ರಲ್ಲಿ ಹೋಗುವಾಗಂತೂ ಬ್ರೇಕ್ ಹಿಡಿಯೋಕೆ ಒಂದು ಸೆಕೆಂಡ್ ತಡವಾದರೂ ಗಾಡಿ 16 ಮೀಟರ್ ದಾಟಿರುತ್ತದೆ.

ಮೇನ್ ರೋಡಿಗೆ ಮೊದಲು ಭಾನುವಾರ ಬೆಳಿಗ್ಗೆ ಬನ್ನಿ. ಎಡಗಡೆ ಇರಿ, ಆದರೆ ಡಾಂಬರಿನ ಅಂಚಿಗೇ ಅಂಟಿಕೊಳ್ಳಬೇಡಿ. ಹಾರ್ನ್ ಬಂದರೆ ಥಟ್ಟನೆ ಬ್ರೇಕ್ ಹಾಕಬೇಡಿ, ಮಣ್ಣಿಗೂ ಇಳಿಸಬೇಡಿ. ಎಕ್ಸಲೇಟರ್ ಸ್ವಲ್ಪ ಇಳಿಸಿ ನೆಟ್ಟಗೆ ಹೋಗುತ್ತಿರಿ, ಅವನು ದಾಟಿ ಹೋಗಲಿ. ದೊಡ್ಡ ಲಾರಿ ಪಕ್ಕದಲ್ಲಿ ಹೋಗುವಾಗ ಗಾಳಿ ಒಮ್ಮೆ ತಳ್ಳುತ್ತದೆ, ಆಮೇಲೆ ಎಳೆಯುತ್ತದೆ. ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿದು, ಮೊಣಕೈ ಸಡಿಲ ಬಿಟ್ಟರೆ ಗಾಡಿ ತಾನಾಗೇ ಸರಿಹೋಗುತ್ತದೆ. ಅಕಸ್ಮಾತ್ ಮಣ್ಣಿಗೆ ಇಳಿದರೆ ಅವಸರದಲ್ಲಿ ಮೇಲೆ ಹತ್ತಿಸಬೇಡಿ. ಟೈರು ಅಂಚಿಗೆ ಸವರಿಕೊಂಡು ಹೋದರೆ ಬೀಳಿಸುತ್ತದೆ. ಪೂರ್ತಿ ನಿಧಾನ ಮಾಡಿ, ಹಿಂದೆ ನೋಡಿ, ಸ್ವಲ್ಪ ಅಡ್ಡಡ್ಡವಾಗಿ ಹತ್ತಿಸಿ.

ನಿಮ್ಮ ದಾರಿಯಲ್ಲಿ ನನಗೆ ಲಾರಿಗಿಂತ ಜಾಸ್ತಿ ಭಯ ಭತ್ತದ್ದು. ಕೊಯ್ಲು ಬಂತೆಂದರೆ ರಸ್ತೆ ಮೇಲೇ ಹರವುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ಒಣ ಕಾಳಿನ ಮೇಲೆ ಟೈರಿಗೆ ಹಿಡಿತವೇ ಇರಲ್ಲ. ದೂರದಿಂದಲೇ ವೇಗ ಇಳಿಸಿ, ಆದಷ್ಟು ತಪ್ಪಿಸಿ. ಹಾಯಲೇಬೇಕಾದರೆ ಬ್ರೇಕ್ ಮುಟ್ಟದೆ, ವಾಲದೆ, ಸೀದಾ ದಾಟಿ. ಕತ್ತಲಾದರೆ ಆ ಕಲ್ಲೂ ಕಾಣಲ್ಲ, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರೂ ಕಾಣಲ್ಲ. ಮೊದಲ ಕೆಲವು ತಿಂಗಳು ಸಂಜೆ ಬೆಳಕಿರುವಾಗಲೇ ಮನೆ ಸೇರಿ.

ಐಎಸ್ಐ ಗುರುತಿನ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿಯಾಗಿರಲಿ. ಚೂಡಿದಾರ ಹಾಕಿದರೆ ವೇಲನ್ನು ಸೊಂಟಕ್ಕೆ ಸುತ್ತಿ ಪಿನ್ ಹಾಕಿಕೊಳ್ಳಿ, ಚಕ್ರಕ್ಕೆ ಸಿಕ್ಕಿದರೆ ಕುತ್ತಿಗೆಗೇ ಬರುತ್ತದೆ.

ಎಲ್‌ಎಲ್‌ಆರ್ ಇರುವಾಗ ಕಲಿಸುವ ಲೈಸೆನ್ಸ್‌ದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವ ಹಾಗಿಲ್ಲ. ಅಣ್ಣ ಕಲಿಸುತ್ತಾರೆ ಅಂದರೂ ಬೈಯುತ್ತಾ ಕೂತರೆ ನಿಮ್ಮ ಗಾಬರಿ ಇನ್ನೂ ಜಾಸ್ತಿಯಾಗುತ್ತದೆ. ಮೈದಾನದ ಅಭ್ಯಾಸ ಮುಗಿದ ಮೇಲೆ ಇನ್ನೊಂದು ಗಾಡಿಯಲ್ಲಿ ನಿಮ್ಮ ಹಿಂದೆ ಬರೋಕೆ ಹೇಳಿ. ಬೈಯೋದಿದ್ದರೆ ಗಂಗಾವತಿ ಮುಟ್ಟಿ, ಚಹಾ ಕುಡಿಯುವಾಗ ಬೈಯಲಿ.