ಕಾಡುಹಂದಿಯ ಕಾಟ ಮತ್ತು ಎಳೆಯ ನಾಯಿಯ ತರಬೇತಿ

ಪ್ರಶ್ನೆ: ನಮ್ಮದು ಕಾಡಂಚಿನ ಭತ್ತದ ಗದ್ದೆ. ತೆನೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳು ಹಿಂಡುಗಟ್ಟಿ ನುಗ್ಗಿ ಒಂದೇ ರಾತ್ರಿಯಲ್ಲಿ ಗದ್ದೆಯನ್ನು ತುಳಿದು ಹಾಳು ಮಾಡುತ್ತವೆ. ನಮ್ಮ ಅಜ್ಜನ ಕಾಲದಲ್ಲಿ ನಾಯಿ ಬಿಟ್ಟು ಹಂದಿ ಬೇಟೆಯಾಡುತ್ತಿದ್ದರಂತೆ. ನಾನು ಏಳು ತಿಂಗಳ ಗಂಡು ಮುಧೋಳ ನಾಯಿಯೊಂದನ್ನು ತಂದಿದ್ದೇನೆ. ಇದನ್ನು ಹಂದಿ ಬೇಟೆಗೆ ಪಳಗಿಸುವುದು ಹೇಗೆ? ಹಸಿವಿನಲ್ಲಿಟ್ಟು ಹಸಿಮಾಂಸ ತಿನ್ನಿಸಿದರೆ ನಾಯಿ ಚುರುಕಾಗುತ್ತದೆ ಎನ್ನುವುದು ನಿಜವೇ?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಅಜ್ಜನವರ ಕಾಲಕ್ಕೂ ಇಂದಿಗೂ ನಡುವೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದಷ್ಟೇ ಬೇಟೆಯಲ್ಲ. ಬೆನ್ನಟ್ಟುವುದು, ಉರುಳು ಹಾಕುವುದು, ಹಿಡಿಯುವುದು, ಇವುಗಳಿಗೆ ಯತ್ನಿಸುವುದೂ ಬೇಟೆಯೇ ಆಗುತ್ತದೆ. ಆದ್ದರಿಂದ ನಾಯಿಯನ್ನು ಹಂದಿಯ ಮೇಲೆ ಬಿಡುವ ವಿಧಾನವನ್ನು ನಾನು ಹೇಳಿಕೊಡಲಾರೆ. ಆದರೆ ನಿಮಗೆ ನಿಜವಾಗಿ ಬೇಕಿರುವುದು ಗದ್ದೆ ಉಳಿಯುವುದು. ಅದಕ್ಕೆ ಬೇಕಾದ ನಾಯಿ ಹಂದಿಯನ್ನು ಕಚ್ಚುವ ನಾಯಿಯಲ್ಲ. ಬೇಲಿಯೊಳಗೇ ಇದ್ದು, ವಾಸನೆ ಹಿಡಿದ ಕೂಡಲೇ ಬೊಗಳಿ ನಿಮ್ಮನ್ನು ಎಚ್ಚರಿಸಿ, ಕರೆದೊಡನೆ ಹಿಂದಿರುಗುವ ನಾಯಿ ಸಾಕು.

ಮುಧೋಳ ತಳಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬಯಲಿನಲ್ಲಿ ಓಡುವ ನಾಯಿ. ಬಾಗಲಕೋಟೆ ಸೀಮೆಯ ತೆರೆದ ನೆಲಕ್ಕೆ ಒಗ್ಗಿದ್ದು. ಹಂದಿ ಬರುವುದು ಕತ್ತಲಲ್ಲಿ, ಪೊದೆಯ ಮರೆಯಲ್ಲಿ. ಅಲ್ಲಿ ಕಣ್ಣಿಗಿಂತ ಮೂಗು ಮತ್ತು ಕಿವಿ ಹೆಚ್ಚು ಕೆಲಸ ಮಾಡುತ್ತವೆ. ಜೊತೆಗೆ ಈ ತಳಿಯ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಗಂಡು ಹಂದಿಯ ಕೆಳದವಡೆಯ ಕೋರೆಗಳು ಜೀವಮಾನವಿಡೀ ಬೆಳೆಯುತ್ತಲೇ ಇದ್ದು, ಮೇಲಿನ ಕೋರೆಗೆ ಉಜ್ಜಿ ಉಜ್ಜಿ ಹರಿತವಾಗಿರುತ್ತವೆ. ತಲೆ ತಗ್ಗಿಸಿ ಮೇಲಕ್ಕೆ ಎತ್ತಿ ಸೀಳಿದರೆ ನಾಯಿಯ ಹೊಟ್ಟೆಯೋ ತೊಡೆಯೋ ಬಾಯಿ ಬಿಡುತ್ತದೆ. ಮರಿಗಳೊಂದಿಗಿರುವ ಹೆಣ್ಣು ಹಂದಿಯೂ ಅಷ್ಟೇ ಅಪಾಯಕಾರಿ. ಹೀಗಾಗಿ ನಿಮ್ಮ ಮುಧೋಳ ಒಂಟಿಯಾಗಿ ಕಾಯುವುದಕ್ಕಿಂತ, ಊರಿನ ಅನುಭವಸ್ಥ ನಾಟಿ ನಾಯಿಯೊಂದರ ಜೊತೆಗಿದ್ದು ಕಲಿಯುವುದು ಒಳ್ಳೆಯದು. ಯಾವಾಗ ಬೊಗಳಬೇಕು, ಎಷ್ಟು ದೂರದಲ್ಲಿ ನಿಲ್ಲಬೇಕು ಎಂಬುದನ್ನು ಎಳೆಯ ನಾಯಿ ಹಿರಿಯ ನಾಯಿಯಿಂದ ಬೇಗ ಕಲಿಯುತ್ತದೆ.

ಏಳು ತಿಂಗಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿರುತ್ತವೆಯಾದರೂ ಮೂಳೆಯ ಬೆಳವಣಿಗೆ ಮುಗಿದಿರುವುದಿಲ್ಲ. ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸುವುದು, ಎತ್ತರದ ಬದುಗಳಿಂದ ಹಾರಿಸುವುದು ಬೇಡ. ಈ ಅವಧಿಯನ್ನೆಲ್ಲ ಕರೆದರೆ ಬರುವ ಪಾಠಕ್ಕೆ ಮೀಸಲಿಡಿ. ಮೂವತ್ತು ಅಡಿಯಷ್ಟು ಉದ್ದದ ಹಗುರ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಿ, ಅಂಗಳದಲ್ಲಿ ಆಡಲು ಬಿಟ್ಟು, ಹೆಸರು ಹಿಡಿದು ಒಂದೇ ಸಲ ಕರೆಯಿರಿ. ಬಂದರೆ ತಿನಿಸು ಕೊಡಿ, ಬಾರದಿದ್ದರೆ ಮತ್ತೆ ಮತ್ತೆ ಕೂಗದೆ ಹಗ್ಗವನ್ನು ಮೆಲ್ಲಗೆ ಎಳೆದು ಕರೆಸಿಕೊಳ್ಳಿ. ತಡವಾಗಿ ಬಂದ ನಾಯಿಯನ್ನು ಎಂದಿಗೂ ಹೊಡೆಯಬೇಡಿ. ಅದಕ್ಕೆ ತಿಳಿಯುವುದು ‘ಬಂದರೆ ಪೆಟ್ಟು’ ಎಂದು ಮಾತ್ರ, ಮತ್ತು ಮುಧೋಳದಂಥ ಸೂಕ್ಷ್ಮ ಸ್ವಭಾವದ ನಾಯಿ ಅದನ್ನು ಬಹುಕಾಲ ಮರೆಯುವುದಿಲ್ಲ. ಅಂಗಳದಲ್ಲಿ ಪಕ್ಕಾ ಆದ ಮೇಲೆ ತೋಟದಲ್ಲಿ, ಆಮೇಲೆ ದನಕರು, ಕೋಳಿಗಳ ನಡುವೆ ಇದೇ ಪಾಠ ನಡೆಯಲಿ. ಕರುವನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ರಾತ್ರಿ ಬಿಡುವಂತಿಲ್ಲ.

ನಂತರ ಮುಂಜಾನೆ ಮತ್ತು ಮುಸ್ಸಂಜೆ ಹಗ್ಗ ಹಿಡಿದು ಗದ್ದೆಯ ಗಡಿಯುದ್ದಕ್ಕೂ ನಡೆಸಿ. ಹಂದಿ ಮೂತಿಯಿಂದ ಅಗೆದ ಹಸಿ ಮಣ್ಣು, ಕೆಸರು ಮೆತ್ತಿದ ಮರದ ಬುಡ, ಬೇಲಿ ನುಸುಳುವ ಕಂಡಿ, ಇವುಗಳನ್ನು ನಿಧಾನವಾಗಿ ಮೂಸಲು ಬಿಡಿ. ಬೆನ್ನಿನ ಕೂದಲು ನಿಮಿರಿ ಗುರುಗುಟ್ಟಿದರೆ ಅಥವಾ ಬೊಗಳಿದರೆ ಆ ಕ್ಷಣವೇ ಮೆಚ್ಚಿ, ಕೂಡಲೇ ಹಿಂದಕ್ಕೆ ಕರೆಯಿರಿ. ಬೊಗಳುವುದೂ ಹಿಂದಿರುಗುವುದೂ ಒಂದೇ ಕೆಲಸದ ಎರಡು ಭಾಗಗಳೆಂದು ಅದಕ್ಕೆ ಮನದಟ್ಟಾಗಬೇಕು. ಪಟಾಕಿ, ತಗಡಿನ ಡಬ್ಬದ ಸದ್ದನ್ನು ಮೊದಲು ದೂರದಿಂದ, ಊಟದ ಹೊತ್ತಿನಲ್ಲಿ ಕೇಳಿಸಿ ರೂಢಿ ಮಾಡಿಸಿ.

ಮಾಳದ, ಅಂದರೆ ಗದ್ದೆ ಕಾಯುವ ಅಟ್ಟಣೆಯ, ಬಳಿ ನಾಯಿಯನ್ನು ಒಂಟಿಯಾಗಿ ಕಟ್ಟಿ ನೀವು ಮನೆಗೆ ಬಂದು ಮಲಗುವುದು ಮಾತ್ರ ಖಂಡಿತ ಬೇಡ. ಮಲೆನಾಡಿನಲ್ಲಿ ಚಿರತೆಗೆ ನಾಯಿ ಸುಲಭದ ಆಹಾರ. ಸರಪಳಿಯಲ್ಲಿರುವ ನಾಯಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರುವುದಿಲ್ಲ. ಅಲ್ಲದೆ ಒಂದೇ ಕಡೆಯಿಂದ ಬರುವ ಬೊಗಳುವಿಕೆಗೆ ಹಂದಿಗಳು ಕೆಲವೇ ದಿನಗಳಲ್ಲಿ ಒಗ್ಗಿಕೊಳ್ಳುತ್ತವೆ. ನೀವು ಮಾಳದಲ್ಲಿರುವ ರಾತ್ರಿ ಮಾತ್ರ ಅದು ಜೊತೆಗಿರಲಿ, ಜಾಗ ಬದಲಾಗುತ್ತಿರಲಿ. ಬೇಲಿ ದಾಟಿ ಹೋಗುವ ನಾಯಿ ಯಾರೋ ಹಂದಿಗೆಂದು ಒಡ್ಡಿದ ಉರುಳಿಗೋ ಸಿಡಿಮದ್ದಿನ ಉಂಡೆಗೋ ಬಲಿಯಾಗುವ ಭಯವೂ ಇದೆ. ನಾಯಿಯೊಂದರಿಂದಲೇ ಗದ್ದೆ ಪೂರ್ತಿ ಉಳಿಯುವುದಿಲ್ಲ. ಪ್ರಮಾಣಿತ ಯಂತ್ರ ಅಳವಡಿಸಿದ ಸೌರ ಬೇಲಿಯೂ ಇದ್ದರೆ ಅನುಕೂಲ. ಪಂಪ್‌ಸೆಟ್‌ನ ಲೈನಿನಿಂದ ನೇರವಾಗಿ ತಂತಿಗೆ ವಿದ್ಯುತ್ ಹರಿಸುವ ಕೆಲಸಕ್ಕೆ ದಯವಿಟ್ಟು ಕೈಹಾಕಬೇಡಿ, ಅದರಿಂದ ಮನುಷ್ಯರೇ ಸಾಯುತ್ತಾರೆ. ಬೆಳೆ ಹಾನಿಯಾದರೆ ಫೋಟೊ ಮತ್ತು ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಸಲ್ಲಿಸಿ.

ಅಕಸ್ಮಾತ್ ಹಂದಿ ಸೀಳಿದರೆ ಶುದ್ಧ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ಕರುಳು ಹೊರಬಂದಿದ್ದರೆ ಒಳಗೆ ತಳ್ಳದೆ ಒದ್ದೆ ಬಟ್ಟೆ ಮುಚ್ಚಿ ಪಶುವೈದ್ಯರಲ್ಲಿಗೆ ಒಯ್ಯಿರಿ. ಕೋರೆಯ ತೂತು ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಆಳವಾಗಿರುತ್ತದೆ. ಅರಿಸಿನ ಹಚ್ಚಿ ಸುಮ್ಮನಾಗಬೇಡಿ. ರೇಬೀಸ್ ಲಸಿಕೆಯ ಜೊತೆಗೆ ಇಲಿಜ್ವರದ ಲಸಿಕೆಯನ್ನೂ ವರ್ಷಕ್ಕೊಮ್ಮೆ ಹಾಕಿಸಿ, ಏಕೆಂದರೆ ಹಂದಿ ಹೊರಳಾಡಿದ ಕೆಸರು ನೀರಿನಿಂದ ಆ ರೋಗ ತಗಲಬಹುದು. ಉಣ್ಣೆಹುಳುಗಳಿಂದ ಹರಡುವ ಮಂಗನ ಕಾಯಿಲೆಯ ಸೀಮೆಯವರಾದ ನೀವು ನಾಯಿ ಕಾಡಂಚಿನಿಂದ ಬಂದಾಗಲೆಲ್ಲ ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯಬೇಕು.

ಹಸಿವಿನ ವಿಚಾರ ಶುದ್ಧ ತಪ್ಪು ನಂಬಿಕೆ. ಹಸಿದ ನಾಯಿ ಕಾವಲು ಬಿಟ್ಟು ಆಹಾರ ಹುಡುಕಿಕೊಂಡು ಅಲೆಯುತ್ತದೆ, ಊರ ಕೋಳಿಗಳಿಗೆ ಬಾಯಿ ಹಾಕುತ್ತದೆ. ಹಸಿಮಾಂಸದಿಂದ ಹೊಟ್ಟೆಯಲ್ಲಿ ಹುಳು ಸೇರುತ್ತದೆಯೇ ಹೊರತು ಧೈರ್ಯ ಹೆಚ್ಚುವುದಿಲ್ಲ. ಬೆಳೆಯುವ ಈ ವಯಸ್ಸಿನಲ್ಲಿ ದಿನಕ್ಕೆ ಮೂರು ಹೊತ್ತು ಬೇಯಿಸಿದ ಊಟ, ಅದರಲ್ಲಿ ಮೊಟ್ಟೆಯೋ ಮಾಂಸವೋ ತಕ್ಕಷ್ಟು ಇರಲಿ. ಕಾವಲಿಗೆ ಹೊರಡುವ ಸಂಜೆ ಹೊಟ್ಟೆ ಬಿರಿಯುವಷ್ಟಲ್ಲದಿದ್ದರೂ ಊಟ ಹಾಕಿಯೇ ಕರೆದೊಯ್ಯಿರಿ.