ಮನೆಯಲ್ಲೇ ಛದ್ಮವೇಷದ ಹೆಲ್ಮೆಟ್: ಕೊಡಗಿನಲ್ಲಿ ಮೊದಲು ತೇವ ನೋಡಿ, ಆಮೇಲೆ ತೂಕ

ನೀವು ವಿರಾಜಪೇಟೆಯವರು. ಒಂಬತ್ತು ವರ್ಷದ ಮಗ ಮಡಿಕೇರಿ ಮಕ್ಕಳ ದಸರಾದ ಛದ್ಮವೇಷಕ್ಕೆ ರೋಮನ್ ಸೈನಿಕ ಆಗಬೇಕಂತೆ, ಕೆಂಪು ಜುಟ್ಟಿನ ಹೆಲ್ಮೆಟ್ ಬೇಕಂತೆ. ರಟ್ಟು, ಥರ್ಮಾಕೋಲ್, ಫೈಬರ್ ಮೂರರಲ್ಲಿ ಯಾವುದು ಹಗುರ, ಯಾವುದು ಗಟ್ಟಿ ಅಂತ ಕೇಳಿದ್ದೀರಿ.

ಮೂರೂ ಬೇಡ ಅಂತೀನಿ. ಜಿಮ್‌ನಲ್ಲಿ ನೆಲಕ್ಕೆ ಹಾಸುತ್ತಾರಲ್ಲ, ಒಂದಕ್ಕೊಂದು ಹಲ್ಲು ಕಚ್ಚಿಸಿ ಜೋಡಿಸುವ ಫೋಮ್ ಮ್ಯಾಟ್, ಆ ಜಾತಿಯ ಫೋಮ್ ತನ್ನಿ. ಇವಿಎ ಫೋಮ್ ಅಂತ ಕೇಳಿ. ಎರಡಡಿ ಚೌಕದ ಒಂದೆರಡು ತುಂಡಿದ್ದರೆ ಮಗುವಿನ ಹೆಲ್ಮೆಟ್ಟಿಗೆ ಸಾಕು.

ಯಾಕೆ ಅಂತ ಹೇಳೋಕೆ ನನ್ನದೇ ಒಂದು ಕಥೆ ಇದೆ. ನನ್ನ ಮಗ ಗಗನಯಾತ್ರಿ ಆಗಿದ್ದ ವರ್ಷ ಬಲೂನಿನ ಮೇಲೆ ಪೇಪರ್, ಮೈದಾ ಅಂಟು ಹಚ್ಚಿ ಹೆಲ್ಮೆಟ್ ಮಾಡಿದೆ. ಐದು ಪದರ. ಒಲೆ ಮೇಲಿನ ಅಟ್ಟದಲ್ಲಿ ನಾಲ್ಕು ದಿನ ಒಣಗಿಸಿದೆ. ಬಡಿದರೆ ತೆಂಗಿನ ಚಿಪ್ಪಿನ ಹಾಗೆ ಟಣ್ ಅಂತಿತ್ತು. ನಾನೇ ಮೆಚ್ಚಿಕೊಂಡೆ. ಮಡಿಕೇರಿಯಲ್ಲಿ ಕಾರಿನಿಂದ ಇಳಿದರೆ ಕೈ ಮುಂದೆ ಚಾಚಿದರೂ ಕಾಣದ ಮಂಜು, ಜೊತೆಗೆ ಜಿನುಗು ಮಳೆ. ಸಾಲಿನಲ್ಲಿ ಅರ್ಧ ಗಂಟೆ ನಿಂತೆವು. ಅಷ್ಟರಲ್ಲಿ ಹೆಲ್ಮೆಟ್ಟಿನ ಅಂಚು ಮಳೆಗಾಲದ ಹಪ್ಪಳದಂತೆ ಮೆತ್ತಗಾಯಿತು. ವೇದಿಕೆ ಹತ್ತುವಾಗ ಅದು ಅವನ ಮೂಗಿನ ಮೇಲೆ ಕೂತಿತ್ತು. ಚಂದ್ರನ ಮೇಲೆ ಇಳಿದವನಿಗೆ ದಾರಿ ಕಾಣಲಿಲ್ಲ.

ಅಕ್ಟೋಬರ್‌ನಲ್ಲೂ ನಮ್ಮಲ್ಲಿ ಸಂಜೆ ಮಳೆ ಬರೋದು ಹೊಸದೇನಲ್ಲ. ಬಯಲುಸೀಮೆಯವರು ಕಾಗದ, ರಟ್ಟಿನ ಬಗ್ಗೆ ಹೇಳೋದನ್ನು ಇಲ್ಲಿ ಹಾಗೇ ನಂಬಬೇಡಿ. ಫೋಮ್ ಮ್ಯಾಟ್ ನೀರು ಕುಡಿಯೋದಿಲ್ಲ. ಬಿದ್ದರೆ ಒಡೆಯೋದಿಲ್ಲ. ಪಕ್ಕದ ಮಗುವಿನ ಕಣ್ಣಿಗೆ ತಾಗಿದರೂ ರಟ್ಟಿನ ಮೂಲೆಯಷ್ಟು ಚುಚ್ಚೋದಿಲ್ಲ.

ಥರ್ಮಾಕೋಲ್ ಹಗುರ, ನಿಜ. ಆದರೆ ಸ್ಪ್ರೇ ಪೇಂಟ್ ಹೊಡೆದರೆ ಅದರಲ್ಲಿರುವ ಸಾಲ್ವೆಂಟ್‌ಗೆ, ಅಂದರೆ ಬಣ್ಣ ತೆಳ್ಳಗೆ ಮಾಡುವ ದ್ರಾವಕಕ್ಕೆ, ಕರಗಿ ಹೊಂಡ ಬೀಳುತ್ತದೆ. ರಬ್ಬರ್ ಅಂಟಿಗೂ ಅದೇ ಗತಿ. ಫೈಬರ್ ಗ್ಲಾಸ್ ಅಂದರೆ ಅಚ್ಚು ಬೇಕು, ರೆಸಿನ್ ಬೇಕು, ಆ ವಾಸನೆ ತಡೆಯುವ ಮಾಸ್ಕ್ ಬೇಕು. ಅದರ ನೂಲು ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಕೆ. ಒಂದು ದಿನದ ವೇಷಕ್ಕೆ ಅಷ್ಟೆಲ್ಲ ಬೇಕಾ?

ಈಗ ಗಟ್ಟಿತನದ ವಿಷಯ. ದಪ್ಪ ಫೋಮ್ ತಂದರೆ ಗಟ್ಟಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಲ್ಲ. ಚಪ್ಪಟೆ ಹಾಳೆ ಸ್ವಲ್ಪ ದಪ್ಪ ಇದ್ದರೂ ಬಳುಕುತ್ತದೆ. ಅದನ್ನೇ ಬಾಗಿಸಿ ಗುಮ್ಮಟ ಮಾಡಿದರೆ ತೆಳ್ಳಗಿದ್ದರೂ ನಿಲ್ಲುತ್ತದೆ. ಮೊಟ್ಟೆ ಚಿಪ್ಪು ನೋಡಿ. ಹಾಗಾಗಿ 10 ಮಿಲಿಮೀಟರ್ ಬೇಡ, 5 ಅಥವಾ 6 ಸಾಕು. ಅಂಚಿಗೆ ಮಾತ್ರ ಎರಡು ಬೆರಳು ಅಗಲದ ಇನ್ನೊಂದು ಪಟ್ಟಿ ಅಂಟಿಸಿ. ಹೆಲ್ಮೆಟ್ ಅಗಲಿಸಿಕೊಂಡು ಸೊಟ್ಟಗಾಗೋದು ಅಂಚಿನಲ್ಲೇ.

ಗುಮ್ಮಟ ಮಾಡೋಕೆ ಸುಲಭ ಉಪಾಯ: ಕಿತ್ತಳೆ ತೊಳೆ ನೆನಪಿಸಿಕೊಳ್ಳಿ. ಕೆಳಗೆ ಅಗಲ, ಮೇಲೆ ಚೂಪು, ಹಾಗೆ ಆರು ಎಸಳು ಕತ್ತರಿಸಿ ಬದಿಗೆ ಬದಿ ಅಂಟಿಸಿದರೆ ಅದೇ ಉರುಟಾಗುತ್ತದೆ. ಮೊದಲು ಕ್ಯಾಲೆಂಡರ್ ಹಾಳೆಯಲ್ಲಿ ಮಾಡಿ ತಲೆಗೆ ಇಟ್ಟು ನೋಡಿ. ಅಳತೆಯಲ್ಲಿ ಒಂದು ಮೋಸ ಇದೆ. ಮಗನ ತಲೆಯ ಸುತ್ತಳತೆ 52 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಫೋಮ್ ಅರ್ಧ ಸೆಂಟಿಮೀಟರ್ ದಪ್ಪ ಇದ್ದರೆ ಹೊರಗಿನ ಸುತ್ತಳತೆ ಸುಮಾರು 55 ಆಗಬೇಕು. ಒಳಗೆ ಸ್ಪಂಜು ಹಾಕೋದಾದರೆ ಅದರ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಿರಿ, ಪ್ರತಿ ಅರ್ಧ ಸೆಂಟಿಮೀಟರ್‌ಗೆ ಮತ್ತೆ ಮೂರು ಸೇರುತ್ತದೆ. ಇದನ್ನು ಮರೆತರೆ ಹೆಲ್ಮೆಟ್ ನೆತ್ತಿಯಲ್ಲೇ ಕೂರುತ್ತದೆ, ಕೆಳಗೆ ಇಳಿಯೋದೇ ಇಲ್ಲ.

ಅಂಟು ಬಿಳಿ ಫೆವಿಕಾಲ್ ಅಲ್ಲ, ಚಪ್ಪಲಿ ಅಂಗಡಿಯವರು ಬಳಸುವ ಹಳದಿ ರಬ್ಬರ್ ಅಂಟು. ಫೆವಿಕಾಲ್ ಎಸ್ಆರ್ ಅಂತ ಸಿಗುತ್ತದೆ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ ಹತ್ತು ನಿಮಿಷ ಸುಮ್ನೆ ಬಿಡಿ. ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಒಮ್ಮೆ ಕಚ್ಚಿದರೆ ಸರಿಸೋಕೆ ಆಗಲ್ಲ. ಮಳೆ ಹಿಡಿದ ದಿನ ಈ ಕೆಲಸ ಮಾಡಬೇಡಿ. ಸಾಲ್ವೆಂಟ್ ಆರುವಾಗ ಅಂಟಿನ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಕೂರುತ್ತದೆ, ಮಾರನೇ ದಿನ ಎಸಳು ಬಿಚ್ಚಿಕೊಳ್ಳುತ್ತದೆ. ಬೇಗ ಒಣಗಲಿ ಅಂತ ಒಲೆ ಹತ್ತಿರ ಮಾತ್ರ ಒಯ್ಯಬೇಡಿ. ಆ ಅಂಟಿನ ಆವಿಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆಗೆದು, ಮಕ್ಕಳನ್ನು ಹೊರಗೆ ಕಳಿಸಿ ಕೂರಿ.

ಫೋಮ್ ಬಾಗಿಸೋಕೆ ಬಿಸಿ ಗಾಳಿ ಊದುವ ಹೀಟ್ ಗನ್ ಬೇಕು. ಅದು ಎಲ್ಲಿಂದ ಅಂತ ಕೇಳುತ್ತೀರಿ. ಮೊಬೈಲ್ ರಿಪೇರಿಯವರ ಬಳಿ ಇರುತ್ತದೆ, ಒಂದು ಗಂಟೆಗೆ ಕೇಳಿ ತನ್ನಿ. ಫೋಮ್‌ಗೆ ಬಿಸಿ ತಾಗಿಸಿ ಮಗುಚಿದ ಸ್ಟೀಲ್ ಪಾತ್ರೆಯ ಮೇಲೆ ಒತ್ತಿ ಹಿಡಿದರೆ ಆರಿದ ಮೇಲೂ ಆ ಬಾಗು ಹಾಗೇ ಉಳಿಯುತ್ತದೆ. ಮೇಲ್ಮೈ ಸ್ವಲ್ಪ ಹೊಳಪಾಗಿ ರಂಧ್ರ ಮುಚ್ಚಿಕೊಳ್ಳುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಬಣ್ಣಕ್ಕೆ ಅಕ್ರಿಲಿಕ್ ಸಾಕು. ಕೆಳಗೆ ಕಪ್ಪು, ಒಣಗಿದ ಮೇಲೆ ಬೆಳ್ಳಿ ಬಣ್ಣವನ್ನು ಒಣ ಬಟ್ಟೆಯಲ್ಲಿ ಒರೆಸಿದ ಹಾಗೆ ಹಚ್ಚಿ. ಹಳೇ ಕಬ್ಬಿಣದಂತೆ ಕಾಣುತ್ತದೆ.

ಕೆನ್ನೆಪಟ್ಟಿ, ಕುತ್ತಿಗೆ ಹಿಂದಿನ ಅಂಚಿಗೆ ನನಗೆ ಫೋಮ್‌ಗಿಂತ ಇಷ್ಟ ಅಡಿಕೆ ಹಾಳೆ. ಅದರಿಂದ ಮುಟ್ಟಾಳೆ ಅನ್ನೋ ಟೋಪಿ ಮಾಡುವವರನ್ನು ನೋಡಿದ್ದೀರಲ್ವಾ? ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ, ಹಗ್ಗ ಕಟ್ಟಿ ಒಣಗಿಸಿದರೆ ಹಲಗೆಯಂತೆ ನಿಲ್ಲುತ್ತದೆ, ತೂಕವೇ ಇಲ್ಲ. ನೀರಿಗೆ ಮತ್ತೆ ಮೆತ್ತಗಾಗುವ ಬುದ್ಧಿ ಅದಕ್ಕೂ ಇದೆ, ಅದಕ್ಕೆ ಎರಡೂ ಬದಿಗೆ ವಾರ್ನಿಶ್ ಹೊಡೆಯಿರಿ. ಪೂರ್ತಿ ಒಣಗಿಸದೆ ಹೊಡೆದರೆ ಒಳಗೆ ಬೂಸ್ಟು ಬರುತ್ತದೆ.

ಜುಟ್ಟಿಗೆ ಹುಲ್ಲಿನ ಪೊರಕೆ. ತುದಿ ಸಮ ಕತ್ತರಿಸಿ, ಕೆಂಪು ಬಣ್ಣದಲ್ಲಿ ಅದ್ದಿ, ಎರಡು ಫೋಮ್ ಪಟ್ಟಿಯ ನಡುವೆ ಕೂರಿಸಿ. ಮಗ ಬರೀ ಸೈನಿಕ ಅಲ್ಲ, ಸೆಂಚೂರಿಯನ್ ಅನ್ನೋ ನಾಯಕ ಆಗಬೇಕು ಅಂದರೆ ಜುಟ್ಟನ್ನು ಕಿವಿಯಿಂದ ಕಿವಿಗೆ ಅಡ್ಡಲಾಗಿ ಇಡಿ, ಅವರದ್ದು ಹಾಗೇ ಇರುತ್ತಿತ್ತು. ಕಾರಿನ ಬಾಗಿಲಲ್ಲಿ ಸಿಕ್ಕಿಕೊಳ್ಳುವುದೂ ಆ ಅಡ್ಡ ಜುಟ್ಟೇ, ಅದಕ್ಕೆ ವೆಲ್ಕ್ರೋ ಹಾಕಿ ಬೇರೆ ತೆಗೆಯುವ ಹಾಗೆ ಮಾಡಿ. ಉದ್ದ ಜಾಸ್ತಿ ಬೇಡ. ಭಾರ ನೆತ್ತಿಯಲ್ಲಿದ್ದರೆ ಹಗುರ ಹೆಲ್ಮೆಟ್ ಕೂಡ ತಲೆ ಅಲ್ಲಾಡಿಸಿದಾಗೆಲ್ಲ ವಾಲುತ್ತದೆ. ಗದ್ದದ ಕೆಳಗೆ ಅಗಲ ಎಲಾಸ್ಟಿಕ್ ಬೇಕೇ ಬೇಕು.

ಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿ. ಅರ್ಧ ಕೆಜಿ ದಾಟಿದರೆ ಏನಾದರೂ ಕಿತ್ತು ಹಾಕಿ. ಆಮೇಲೆ ಟಿವಿ ನೋಡುವಾಗ ಒಂದು ಗಂಟೆ ಹಾಕಿಸಿ. ಎಲ್ಲಿ ಒತ್ತುತ್ತದೆ ಅಂತ ಅವನೇ ಹೇಳುತ್ತಾನೆ, ಅಲ್ಲಿ ಸ್ಪಂಜು ಇಡಿ.

ಕಾರ್ಯಕ್ರಮ ಮುಗಿದ ಮೇಲೆ ಇದನ್ನೇ ಹಾಕಿಕೊಂಡು ಸ್ಕೂಟರ್ ಹಿಂದೆ ಕೂರುತ್ತೀನಿ ಅಂತ ಹಠ ಮಾಡುತ್ತಾನೆ. ನನ್ನವನೂ ಮಾಡಿದ್ದ. ಒಪ್ಪಬೇಡಿ, ನಿಜವಾದ ಹೆಲ್ಮೆಟ್ ಜೊತೆಗೆ ಒಯ್ದಿರಿ.