ಆಮಂತ್ರಣ ಪತ್ರಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮದುವೆ, ಹುಟ್ಟುಹಬ್ಬ ಮತ್ತು ಇತರ ಸಮಾರಂಭಗಳ ಆಮಂತ್ರಣ ಪತ್ರಿಕೆಯ ವಿನ್ಯಾಸದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ.

ಪ್ರಶ್ನೆ: ಮದುವೆ ಕಾರ್ಡಿನಲ್ಲಿ ಬಂಗಾರದ ಫಾಯಿಲ್, ಉಬ್ಬು ಅಕ್ಷರ, ಲೇಸರ್ ಕಟಿಂಗ್ ಎಲ್ಲವೂ ಇರಬೇಕೆಂಬ ಆಸೆ. ಒಂದೇ ಕಾರ್ಡಿನಲ್ಲಿ ಮಾಡಿಸಬಹುದೇ?

ಮಾಡಿಸಬಹುದು, ಆದರೆ ಬೇಡ. ಕಣ್ಣು ಒಂದು ಕಡೆ ನಿಲ್ಲಬೇಕು. ಮೂರು ಕಡೆ ಮಿನುಗಿದರೆ ಹೆಸರು, ದಿನಾಂಕ, ಸ್ಥಳ ಹಿಂದೆ ಬೀಳುತ್ತವೆ. ಒಂದು ಕಾರ್ಡಿಗೆ ಒಂದೇ ವಿಶೇಷ ಕೆಲಸ ಸಾಕು. ಅದು ಯಾವುದು ಎಂಬುದನ್ನು ಕಾಗದ ನೋಡಿ ತೀರ್ಮಾನಿಸಿ.

ಫಾಯಿಲ್‌ಗೆ ನುಣುಪಾದ ಕಾಗದವೇ ಸರಿ. ತರಿತರಿಯಾದ ಕಾಗದದ ತಗ್ಗುಗಳಿಗೆ ಹಾಳೆ ಇಳಿಯುವುದಿಲ್ಲ, ಬಂಗಾರ ಅಲ್ಲಲ್ಲಿ ಹರಿದಂತೆ ಕಾಣುತ್ತದೆ. ಗೆರೆಯ ದಪ್ಪವಾಗಲಿ, ಎರಡು ಗೆರೆಗಳ ನಡುವಿನ ಜಾಗವಾಗಲಿ 0.3 ಮಿ.ಮೀ.ಗಿಂತ ಕಡಿಮೆ ಇರಬಾರದು. ಇದ್ದರೆ ತೆಳು ಗೆರೆ ಮುರಿಯುತ್ತದೆ, ಸಣ್ಣ ಕಂಡಿ ಮುಚ್ಚಿಹೋಗುತ್ತದೆ. ಹಾಗಾಗಿ ಫಾಯಿಲ್ ಹೆಸರುಗಳಿಗೆ ಮಾತ್ರ ಇರಲಿ, ವಿಳಾಸದ ಸಾಲಿಗೆ ಬೇಡ.

ಉಬ್ಬು ಅಕ್ಷರ ಮಾಡಿಸಿದರೆ ಹಿಂಬದಿಯಲ್ಲಿ ಅದೇ ಆಕಾರದ ತಗ್ಗು ಬೀಳುತ್ತದೆ. ಆ ಜಾಗದಲ್ಲಿ ಹಿಂದೆ ಏನನ್ನೂ ಅಚ್ಚು ಮಾಡಿಸಬೇಡಿ. ಲೇಸರ್ ಕಟಿಂಗ್‌ಗೆ ಗಾಢ ಬಣ್ಣದ ಕಾಗದ ಒಳ್ಳೆಯದು. ಬಿಳಿ ಕಾಗದದಲ್ಲಿ ಕತ್ತರಿಸಿದ ಅಂಚು ಸುಟ್ಟು ಕಂದು ಬಣ್ಣಕ್ಕೆ ತಿರುಗಿದ್ದು ಎದ್ದು ಕಾಣುತ್ತದೆ. ಜಾಲರಿಯ ಎಳೆಗಳು 1 ಮಿ.ಮೀ.ಗಿಂತ ತೆಳುವಾದರೆ ಕವರಿನಿಂದ ಹೊರತೆಗೆಯುವಾಗಲೇ ಕೀಳುತ್ತವೆ.

ಕೆಲವೇ ಕಾರ್ಡುಗಳಿದ್ದರೆ ಮನೆಯಲ್ಲೇ ಫಾಯಿಲ್ ಹಾಕಬಹುದು. ಹೆಸರನ್ನು ಲೇಸರ್ ಪ್ರಿಂಟರಿನಲ್ಲಿ ಕಪ್ಪಾಗಿ ಅಚ್ಚು ಮಾಡಿ, ಮೇಲೆ ಆ ಪ್ರಿಂಟರಿನ ಬಣ್ಣದ ಪುಡಿಯಾದ ಟೋನರ್‌ಗೆ ಅಂಟುವ ಫಾಯಿಲ್ ಹಾಳೆ ಇಟ್ಟು, ಬಿಸಿ ಲ್ಯಾಮಿನೇಟರಿನಲ್ಲಿ ಹಾಯಿಸಿ. ಪೂರ್ತಿ ಆರಿದ ಮೇಲೆ ಹಾಳೆ ಎತ್ತಿ. ಇಂಕ್‌ಜೆಟ್ ಅಚ್ಚಿನ ಮೇಲೆ ಇದು ನಡೆಯುವುದಿಲ್ಲ, ಏಕೆಂದರೆ ಬಿಸಿಗೆ ಕರಗಿ ಹಾಳೆಯನ್ನು ಹಿಡಿದುಕೊಳ್ಳುವುದು ಟೋನರ್, ಶಾಯಿಯಲ್ಲ.

ಪ್ರಶ್ನೆ: ದಪ್ಪ ಕಾಗದದ ಮಡಿಸುವ ಕಾರ್ಡ್ ಮಾಡಿಸಿದೆವು. ಮಡಿಕೆಯ ಉದ್ದಕ್ಕೂ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತಿದೆ. ಏಕೆ?

ಕಾಗದದ ನಾರು ಒಂದು ದಿಕ್ಕಿಗೆ ಚಾಚಿರುತ್ತದೆ. ಅದಕ್ಕೆ ಅಡ್ಡಲಾಗಿ ಮಡಿಸಿದರೆ ನಾರು ಮುರಿಯುತ್ತದೆ. ದಿಕ್ಕು ತಿಳಿಯಲು ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಮಡಿಕೆ ಆ ಬಾಗಿನಂತೆಯೇ ಬರಬೇಕು. 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ದಾಟಿದ ಯಾವ ಕಾಗದವನ್ನೂ ಮೊದಲು ಕ್ರೀಸಿಂಗ್ ಗೆರೆ ಒತ್ತದೆ ಮಡಿಸಬೇಡಿ.

ಎರಡನೆಯ ಕಾರಣ, ಮಡಿಕೆಯ ಮೇಲೆಯೇ ಗಾಢ ಬಣ್ಣ ತುಂಬಿರುವುದು. ಡಿಜಿಟಲ್ ಅಚ್ಚಿನಲ್ಲಿ ಟೋನರ್ ಕಾಗದದ ಮೇಲೆ ಪದರವಾಗಿ ಕೂರುತ್ತದೆ, ಮಡಿಸಿದಾಗ ಆ ಪದರ ಒಡೆಯುತ್ತದೆ. ಮಡಿಕೆಯ ಜಾಗದಲ್ಲಿ ತಿಳಿ ಬಣ್ಣ ಇಡಿ, ಇಲ್ಲವೇ ಒಡಲಿಗೇ ಬಣ್ಣವಿರುವ ಕಾಗದ ಕೊಳ್ಳಿ. ಆಗ ಬಿರುಕು ಬಿಟ್ಟರೂ ಬಿಳಿ ಇಣುಕುವುದಿಲ್ಲ.

ಮೂರು ಮಡಿಕೆಯ ಕಾರ್ಡಾದರೆ ಒಳಗೆ ಸೇರುವ ಭಾಗ ತುಸು ಕಿರಿದಾಗಿರಬೇಕು. 297 ಮಿ.ಮೀ. ಅಗಲದ ಎ4 ಹಾಳೆಯನ್ನು 100, 100, 97 ಎಂದು ಭಾಗಿಸಿ. ಮೂರನ್ನೂ 99 ಮಾಡಿದರೆ ಒಳಭಾಗ ಮಡಿಕೆಗೆ ತಾಗಿ ಉಬ್ಬಿಕೊಳ್ಳುತ್ತದೆ.

ಪ್ರಶ್ನೆ: ಮಗುವಿನ ಹುಟ್ಟುಹಬ್ಬಕ್ಕೆ, ತೆರೆದಾಗ ಚಿತ್ರ ಎದ್ದು ನಿಲ್ಲುವಂಥ ಆಮಂತ್ರಣವನ್ನು ನಾವೇ ಮಾಡಬೇಕು. ಸುಲಭದ ದಾರಿ ಹೇಳಿ.

ಸಂತೋಷದ ಕೆಲಸ. ಮಗುವೂ ಕತ್ತರಿಸಲು, ಅಂಟಿಸಲು ಕೈ ಹಾಕಬಹುದು. 200ರಿಂದ 220 ಜಿಎಸ್‌ಎಂನ ಎ5 ಹಾಳೆ, ಅಂದರೆ 210 × 148 ಮಿ.ಮೀ. ತೆಗೆದುಕೊಳ್ಳಿ. 105 ಮಿ.ಮೀ.ಗೆ ಗೆರೆ ಒತ್ತಿ ಅರ್ಧಕ್ಕೆ ಮಡಿಸಿ. ಮಡಿಕೆಯ ನಡುಭಾಗದಲ್ಲಿ, ಒಂದಕ್ಕೊಂದು 20 ಮಿ.ಮೀ. ದೂರದಲ್ಲಿ, ಮಡಿಕೆಯಿಂದ ಒಳಮುಖವಾಗಿ 30 ಮಿ.ಮೀ. ಉದ್ದದ ಎರಡು ಸೀಳು ಕೊಡಿ. ಎರಡೂ ಪದರ ಒಟ್ಟಿಗೆ ಕತ್ತರಿಸಬೇಕು. ಸೀಳುಗಳ ತುದಿಯನ್ನು ಸೇರಿಸುವ ಗೆರೆಯನ್ನು ಎರಡೂ ಪದರಗಳ ಮೇಲೆ ಒತ್ತಿಕೊಳ್ಳಿ. ಈಗ ಕಾರ್ಡನ್ನು ಅರ್ಧ ತೆರೆದು, ಆ ಪಟ್ಟಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿ, ಮಧ್ಯದ ಮಡಿಕೆಯನ್ನು ತಿರುವುಮುರುವು ಮಾಡಿ. ಕಾರ್ಡ್ ತೆರೆದಾಗ ಅದು ಪುಟ್ಟ ಮೆಟ್ಟಿಲಾಗಿ ಎದ್ದು ನಿಲ್ಲುತ್ತದೆ. ಮೆಟ್ಟಿಲಿನ ಮುಂಭಾಗಕ್ಕೆ ಮಾತ್ರ ಅಂಟು ಹಚ್ಚಿ ಚಿತ್ರವನ್ನು ನಿಲ್ಲಿಸಿ.

ಸಾಮಾನ್ಯವಾಗಿ ತಪ್ಪುವುದು ಚಿತ್ರದ ಎತ್ತರದ ಲೆಕ್ಕ. ಕಾರ್ಡ್ ಮುಚ್ಚಿದಾಗ ಚಿತ್ರದ ಬುಡ ಮಡಿಕೆಯಿಂದ 30 ಮಿ.ಮೀ. ಆಚೆ ಇರುತ್ತದೆ. ಆದ್ದರಿಂದ 70 ಮಿ.ಮೀ. ಎತ್ತರದ ಚಿತ್ರ 100ಕ್ಕೆ ಮುಗಿದು ಒಳಗೇ ಉಳಿಯುತ್ತದೆ, 80 ಮಿ.ಮೀ.ನದು ಹೊರಗೆ ಇಣುಕುತ್ತದೆ. ಸೀಳು ಕೂಡ ಕಾರ್ಡಿನ ಅರ್ಧ ಆಳಕ್ಕಿಂತ, ಇಲ್ಲಿ 52 ಮಿ.ಮೀ.ಗಿಂತ, ಉದ್ದವಾಗಬಾರದು. ಸೀಳಿನ ಕಂಡಿ ಹೊರಗಿನಿಂದ ಕಾಣುತ್ತದಲ್ಲ, ಅದಕ್ಕೆ ಬೇರೆ ಬಣ್ಣದ ಇನ್ನೊಂದು ಹಾಳೆಯನ್ನು ಹೊರಗವಚವಾಗಿ ಅಂಟಿಸಿ. ಮೆಟ್ಟಿಲಿನ ಹಿಂದೆ ಅಂಟು ತಾಗಿದರೆ ಏಳುವುದೇ ಇಲ್ಲ. ನೀರಿನ ಅಂಟು ಕಾಗದವನ್ನು ಸುಕ್ಕಾಗಿಸುತ್ತದೆ, ಎರಡು ಬದಿಯ ಟೇಪ್ ಬಳಸಿ.

ಪ್ರಶ್ನೆ: ನಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿದ್ದ ಕನ್ನಡ, ಪ್ರೆಸ್‌ಗೆ ಹೋದಾಗ ಒತ್ತಕ್ಷರಗಳೆಲ್ಲ ಕಳಚಿಬಿದ್ದವು. ಹೀಗಾಗದಂತೆ ಏನು ಮಾಡಬೇಕು?

ಯುನಿಕೋಡ್‌ನಲ್ಲಿ ಬರೆದಿದ್ದರೆ, ಅಡೋಬಿ ತಂತ್ರಾಂಶಗಳ ಪ್ಯಾರಾಗ್ರಾಫ್ ಆಯ್ಕೆಯಲ್ಲಿ ವರ್ಲ್ಡ್‌-ರೆಡಿ ಕಂಪೋಸರ್ (ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಇದೆಯೇ ನೋಡಿ. ಅದಿಲ್ಲದಿದ್ದರೆ ‘ಪ್ರೀತಿ’ಯ ಪಕಾರ ಒಂದು ಕಡೆ, ಒತ್ತು ಇನ್ನೊಂದು ಕಡೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಎರಡಕ್ಕೂ ಮದ್ದು ಒಂದೇ: ತಿದ್ದುಪಡಿ ಎಲ್ಲ ಮುಗಿದ ಮೇಲೆ ಅಕ್ಷರಗಳನ್ನು ಚಿತ್ರದಂತೆ ಬರಿಯ ಗೆರೆಗಳಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ, ಪಿಡಿಎಫ್ ಕೊಡಿ. ತಿದ್ದಬಹುದಾದ ಮೂಲ ಕಡತ ನಿಮ್ಮ ಬಳಿ ಬೇರೆ ಇರಲಿ. ನುಡಿಯಿಂದ ಯುನಿಕೋಡ್‌ಗೆ ಬದಲಿಸಿದ್ದರೆ ‘ವರ್ಷ’, ‘ಸೂರ್ಯ’ದಂಥ ಪದಗಳ ಅರ್ಕಾವತ್ತನ್ನು ಒಂದೊಂದಾಗಿ ನೋಡಿ.

ಕನ್ನಡಕ್ಕೆ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. 12 ಪಾಯಿಂಟ್ ಅಕ್ಷರಕ್ಕೆ 18ರಿಂದ 19 ಪಾಯಿಂಟ್ ಸಾಲಿನಂತರ ಕೊಡಿ. ‘ರಾಷ್ಟ್ರ’ದಂಥ ಪದದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಇಡೀ ಪುಟ ಗಲಿಬಿಲಿಯಾಗಿ ಕಾಣುತ್ತದೆ. ಅಕ್ಷರಗಳನ್ನು ದೂರ ದೂರ ಹರಡುವ ಇಂಗ್ಲಿಷ್ ಕಾರ್ಡುಗಳ ಅಂದ ಕನ್ನಡಕ್ಕೆ ಒಗ್ಗುವುದಿಲ್ಲ. ಒಂದೇ ಪದ ಮೂರಾಗಿ ಓದಿಸಿಕೊಳ್ಳುತ್ತದೆ. ಹೆಸರಿಗೆ ಅಲಂಕಾರದ ಫಾಂಟ್ ಇರಲಿ, ಉಳಿದದ್ದಕ್ಕೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡದಂಥ ಸರಳ ಫಾಂಟ್. ಎರಡಕ್ಕಿಂತ ಹೆಚ್ಚು ಫಾಂಟ್ ಬೇಡ.

ಪ್ರಶ್ನೆ: ಅಚ್ಚಾದಾಗ ಬಣ್ಣ ಮಂಕಾಯಿತು, ಅಂಚಿನಲ್ಲಿ ಬಿಳಿ ಗೆರೆ ಉಳಿಯಿತು. ತಪ್ಪು ಯಾರದು?

ಹೆಚ್ಚಾಗಿ ಕಡತದ್ದು. ಪರದೆಯದು ಬೆಳಕಿನ ಬಣ್ಣ, ಕಾಗದದ್ದು ಶಾಯಿಯ ಬಣ್ಣ. ಮೊದಲೇ ಸಿಎಂವೈಕೆಗೆ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ಕೆ) ಬದಲಿಸಿ ನೋಡಿ, ಚಿತ್ರಗಳು 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಹಿನ್ನೆಲೆಯನ್ನು ನಾಲ್ಕೂ ಕಡೆ ಕತ್ತರಿಸುವ ಅಂಚಿನಿಂದ 3 ಮಿ.ಮೀ. ಹೊರಕ್ಕೆ ಚಾಚಿ, ಅಕ್ಷರಗಳನ್ನು ಅಂಚಿನಿಂದ 5 ಮಿ.ಮೀ. ಒಳಗಿಡಿ. ಸಣ್ಣ ಅಕ್ಷರಕ್ಕೆ ಬರಿಯ ಕಪ್ಪು ಶಾಯಿ ಸಾಕು. ನಾಲ್ಕು ಶಾಯಿ ಸೇರಿಸಿದ ಕಪ್ಪು ಕೂದಲೆಳೆಯಷ್ಟು ಸರಿದರೂ ಅಕ್ಷರ ಮಸುಕಾಗುತ್ತದೆ.

ಪ್ರಶ್ನೆ: ಕಾರ್ಡ್ ಅಚ್ಚು ಹಾಕಿಸುತ್ತಿಲ್ಲ, ವಾಟ್ಸಾಪ್‌ನಲ್ಲೇ ಕರೆಯುತ್ತೇವೆ. ಚೆನ್ನಾಗಿ ಕಾಣಲು ಏನು ಮಾಡಬೇಕು?

ಅಚ್ಚಿಗೆ ಮಾಡಿದ ಕಾರ್ಡನ್ನೇ ಫೋನಿಗೆ ಕಳಿಸಬೇಡಿ, ಹಿರಿಯರು ಹಿಗ್ಗಿಸಿ ಹಿಗ್ಗಿಸಿ ಓದಬೇಕಾಗುತ್ತದೆ. 1080 × 1350 ಪಿಕ್ಸೆಲ್‌ನ ಹೊಸ ಚಿತ್ರ ಮಾಡಿ, ಅತಿ ಸಣ್ಣ ಅಕ್ಷರವೂ 40 ಪಿಕ್ಸೆಲ್ ಇರಲಿ. ವಿಡಿಯೋ ಆದರೆ 30ರಿಂದ 40 ಸೆಕೆಂಡ್ ಸಾಕು. ದಿನಾಂಕ, ಸ್ಥಳದ ಪರದೆ ಕನಿಷ್ಠ 6 ಸೆಕೆಂಡ್ ಕದಲದೆ ನಿಲ್ಲಲಿ, ಕೊನೆಯ ಚೌಕಟ್ಟಿನಲ್ಲಿ ಎಲ್ಲ ವಿವರ ಒಟ್ಟಿಗೆ ಇರಲಿ. ನಕ್ಷೆಯ ಲಿಂಕನ್ನು ಚಿತ್ರದೊಳಗೆ ಬರೆದರೆ ಒತ್ತಲಾಗದು, ಸಂದೇಶದಲ್ಲಿ ಪ್ರತ್ಯೇಕವಾಗಿ ಕೊಡಿ.

ಮುದ್ರಿತ ಕಾರ್ಡಿನಲ್ಲಿ ಕ್ಯೂಆರ್ ಕೋಡ್ ಹಾಕುವವರು ಅದನ್ನು 2 ಸೆಂ.ಮೀ.ಗಿಂತ ಚಿಕ್ಕದು ಮಾಡಬಾರದು. ಸುತ್ತ, ಕೋಡಿನ ನಾಲ್ಕು ಪುಟ್ಟ ಚೌಕಗಳಷ್ಟು ಅಗಲ ಖಾಲಿ ಬಿಡಬೇಕು. ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣ ಇರಬೇಕು. ಫಾಯಿಲ್‌ನಲ್ಲಿ ಮಾಡಿದರೆ ಹೊಳಪಿಗೆ ಕ್ಯಾಮೆರಾ ಓದುವುದಿಲ್ಲ.

ಪ್ರಶ್ನೆ: ಎಷ್ಟು ಕಾರ್ಡ್ ಹಾಕಿಸಬೇಕು? ಪ್ರೂಫ್ ನೋಡುವಾಗ ಏನು ಗಮನಿಸಬೇಕು?

ಜನರನ್ನಲ್ಲ, ಮನೆಗಳನ್ನು ಎಣಿಸಿ. ಅದರ ಮೇಲೆ ನೂರಕ್ಕೆ 10 ಕಾರ್ಡ್, 15 ಕವರ್ ಹೆಚ್ಚಿಗೆ ಇರಲಿ, ವಿಳಾಸ ಬರೆಯುವಾಗ ಹಾಳಾಗುವುದು ಕವರುಗಳೇ. ಎ6 ಕಾರ್ಡಿಗೆ ಸಿ6 ಕವರ್, ಎ5ಕ್ಕೆ ಸಿ5. ಬೇರೆ ಅಳತೆಯ ಕಾರ್ಡಾದರೆ ಮೊದಲು ಕವರ್ ಸಿಗುವುದೇ ನೋಡಿ, ಆಮೇಲೆ ವಿನ್ಯಾಸ. ಅರಗಿನ ಮುದ್ರೆ ಒತ್ತುವುದಿದ್ದರೆ ಬಾಗುವ ಬಗೆಯ ಅರಗೇ ಬೇಕು, ಗಡಸು ಅರಗು ಅಂಚೆಯಲ್ಲಿ ಪುಡಿಯಾಗುತ್ತದೆ.

ಪ್ರೂಫನ್ನು ಫೋನಿನಲ್ಲಿ ನೋಡಿ ಒಪ್ಪಬೇಡಿ. ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆಸಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿ. ಹಾಗೆ ಓದಿದಾಗ ಕಣ್ಣು ಊಹೆ ಮಾಡಿ ದಾಟಲಾರದು. ದಿನಾಂಕಕ್ಕೂ ವಾರಕ್ಕೂ ತಾಳೆಯಿದೆಯೇ ಎಂದು ಕ್ಯಾಲೆಂಡರಿನಲ್ಲಿ ನೋಡಿ. ಪ್ರತಿ ಹೆಸರನ್ನೂ ಆಯಾ ವ್ಯಕ್ತಿಯಿಂದಲೇ ಓದಿಸಿ. ಫೋನ್ ನಂಬರನ್ನು ಪ್ರೂಫಿನಲ್ಲಿ ಇರುವಂತೆಯೇ ಒತ್ತಿ, ಕರೆ ಯಾರಿಗೆ ಹೋಗುತ್ತದೆ ನೋಡಿ.